ಐದು ಸಿಂಕುಗಳ ಅಗಲಿಕೆಗೆ ಸಂತಾಪ

ಗೆ,
ಮುಖ್ಯಸ್ಥರು,
ಲೈಸೆನ್ಸ್ ಮತ್ತು ನಿಯಂತ್ರಣ ಇಲಾಖೆ,
ಆಸ್ಟಿನ್, ಟೆಕ್ಸಾಸ್.

ವಿಷಯ: ಜಡೆ ಹೆಣೆಯುವುದನ್ನು ಕಲಿಸಲು ಐದು ಸಿಂಕ್ ಇರತಕ್ಕದ್ದು ಎಂಬ ನಿಯಮವು 2015ರಲ್ಲಿ ಅಕಾಲ ಮರಣಕ್ಕೀಡಾದ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ನಾನು ಕರ್ನಾಟಕದ ಸರ್ಕಾರಿ ಕಚೇರಿಯೊಂದರಲ್ಲಿ ಪ್ರಥಮ ದರ್ಜೆ ಸಹಾಯಕಿಯಾಗಿದ್ದು ನಿವೃತ್ತಳಾದವಳು. ಸದ್ಯ ಡಾಲಸ್ ಪಕ್ಕದ ಇರ್ವಿಂಗ್‌ನಲ್ಲಿ ಮಗಳ ಮನೆಯಲ್ಲಿದ್ದೇನೆ. ಮಗಳು, ಅಳಿಯ ಕೆಲಸಕ್ಕೆ ಹೊರಟ ಮೇಲೆ ಹೊತ್ತು ಹೋಗಬೇಕಲ್ಲ. ಕಡತ ಓದುವ ಚಾಳಿ ಎಲ್ಲಿ ಬಿಟ್ಟೀತು? ತಮ್ಮ ಹಳೆಯ ನಿಯಮಗಳನ್ನು ಓದಿದೆ. ಇಂಥ ನಿಯಮವನ್ನು ಕಳೆದುಕೊಂಡಿರಲ್ಲ ಎಂದು ಹೊಟ್ಟೆ ಉರಿಯಿತು.

ಡಾಲಸ್‌ನ ಐಸಿಸ್ ಬ್ರಾಂಟ್ಲಿ ಆಫ್ರಿಕನ್ ಜಡೆ ಹೆಣೆಯುವುದರಲ್ಲಿ ಎತ್ತಿದ ಕೈ. ಗಾಯಕಿ ಎರಿಕಾ ಬಡು ಕೂಡ ಆಕೆಯ ಕೈಗೆ ತಲೆ ಕೊಟ್ಟವರು. ಲೈಸೆನ್ಸಿಲ್ಲದೆ ಜಡೆ ಹಾಕಿದ್ದಕ್ಕೆ 1997ರಲ್ಲಿ ಆ ಕೈಗೆ ಕೋಳ ಬಿತ್ತು. 2007ರಲ್ಲಿ ರಾಜ್ಯವೇ ಮನಸ್ಸು ಕರಗಿ, ಜಡೆಗೆಂದೇ 35 ಗಂಟೆಗಳ ತರಬೇತಿ ಸಾಕೆಂದಿತು. ಆಕೆಗೂ ಸರ್ಟಿಫಿಕೇಟ್ ಸಿಕ್ಕಿತು. ಹೆಣೆಯಬಹುದು, ಸರಿ. ಆ 35 ಗಂಟೆಯ ಪಾಠವನ್ನು ಬೇರೆಯವರಿಗೆ ಹೇಳಿಕೊಡಬೇಕೆಂದರೆ?

ಇಲ್ಲೇ ನಾನು ತಮಗೆ ಕೈಮುಗಿದದ್ದು. ಜಡೆ ಕಲಿಸುವ ಜಾಗ ಕ್ಷೌರಿಕ ಶಾಲೆಯೇ ಆಗಿರಬೇಕು. ಅದಕ್ಕೆ 2,000 ಚದರಡಿ ಇರಬೇಕು. (ಬೆಂಗಳೂರಿನಲ್ಲಿ ಥರ್ಟಿ ಫಾರ್ಟಿ ಸೈಟಿನಲ್ಲಿ ಮನೆ ಕಟ್ಟಿ, ಮೇಲೆ ಎರಡು ಬಾಡಿಗೆಗೂ ಬಿಡುವವರು ಇದನ್ನು ಕೇಳಿಸಿಕೊಳ್ಳಬೇಕು.) ಹಿಂದಕ್ಕೆ ವಾಲುವ ಕುರ್ಚಿ ಹತ್ತು, ಎರಡು ಕುರ್ಚಿಗೊಂದರಂತೆ ಸಿಂಕ್ ಐದು. ಕಲಿಸುವಾಕೆ ಮೊದಲು ಕ್ಷೌರಿಕ ಶಾಲೆಯಲ್ಲಿ 2,250 ಗಂಟೆ ಕೂತು, ನಾಲ್ಕು ಪರೀಕ್ಷೆ ಪಾಸು ಮಾಡಿ ಬರಬೇಕು.

ಜಡೆ ಹಾಕಿಸಿಕೊಳ್ಳುವವರು ಹಿಂದಕ್ಕೆ ವಾಲಿದರೆ ಜಡೆ ಬೆನ್ನಡಿ ಸಿಕ್ಕಿಕೊಳ್ಳುತ್ತದೆ, ಅದು ಹಾಗಿರಲಿ. ನನ್ನನ್ನು ಮೂಕಳನ್ನಾಗಿಸಿದ್ದು ಸಿಂಕ್. ಸಿಂಕ್ ಬೇಕಾಗುವ ಯಾವ ಕೆಲಸವನ್ನೂ ಜಡೆಯವರು ಮಾಡಕೂಡದೆಂದು ತಮ್ಮದೇ ಕಾನೂನು! ಅಂದರೆ ಸಿಂಕ್ ಇರತಕ್ಕದ್ದು, ನಲ್ಲಿ ತಿರುಗಿಸತಕ್ಕದ್ದಲ್ಲ. ನಮ್ಮ ಕಚೇರಿಯಲ್ಲಿ ಸಹಿ ಕಡ್ಡಾಯ, ಸಹಿ ಹಾಕುವ ಸಾಹೇಬರು ರಜೆ ಎನ್ನುವವರೆಗೆ ಮಾತ್ರ ನಾವು ಮುಟ್ಟಿದ್ದೆವು.

ಬಾಚಣಿಗೆ ತೊಳೆದಿದ್ದೀರಾ, ನೆತ್ತಿಯಲ್ಲಿ ಹುಳುಕಡ್ಡಿ ಕಂಡರೆ ವಾಪಸ್ ಕಳಿಸುತ್ತೀರಾ ಎಂದು ಕೇಳಿದ್ದರೆ ಸಾಕಿತ್ತು ಎನ್ನುವವರಿದ್ದಾರೆ. ಪಾಪ, ಅವರಿಗೆ ಆಡಳಿತ ತಿಳಿಯದು. ಬಾಚಣಿಗೆಯನ್ನು ದಿನಾ ಹೋಗಿ ನೋಡಬೇಕಾಗುತ್ತದೆ. ಸಿಂಕನ್ನಾದರೆ ಒಮ್ಮೆ ಎಣಿಸಿ ಷರಾ ಬರೆದರೆ ಮುಗಿಯಿತು. ಮೇಲಾಗಿ, ಈಗಾಗಲೇ ಹತ್ತು ಕುರ್ಚಿ ಹಾಕಿ ಕೂತವರ ನೆಮ್ಮದಿಯನ್ನೂ ಯಾರಾದರೂ ಕಾಯಬೇಕಲ್ಲವೇ?

ಬ್ರಾಂಟ್ಲಿ 2013ರಲ್ಲಿ ಕೋರ್ಟಿಗೆ ಹೋದರು. ಈ ಷರತ್ತುಗಳನ್ನೆಲ್ಲ ಪೂರೈಸಿದ ಜಡೆ ಶಾಲೆ ಒಂದಾದರೂ ಇದೆಯೇ ಎಂದರೆ, ಹೇಳಲು ತಮ್ಮ ಕಡೆಯವರ ಬಳಿ ಒಂದು ಹೆಸರೂ ಇರಲಿಲ್ಲ. ಅದು ಸಾಧನೆ ಎಂದು ಯಾರಿಗೂ ಹೊಳೆಯಲಿಲ್ಲ! ಶಾಲೆ ಸೊನ್ನೆ ಇದ್ದಲ್ಲಿ ದೂರೂ ಸೊನ್ನೆ. ಆಸ್ಟಿನ್‌ನ ಫೆಡರಲ್ ನ್ಯಾಯಾಧೀಶ ಸ್ಯಾಮ್ ಸ್ಪಾರ್ಕ್ಸ್ 2015ರ ಜನವರಿಯಲ್ಲಿ ಇದು ಸಂವಿಧಾನಕ್ಕೆ ಒಪ್ಪುವುದಿಲ್ಲ ಎಂದುಬಿಟ್ಟರು. ಅದೇ ವರ್ಷ ಶಾಸಕರು ಜಡೆಗೆ ಲೈಸೆನ್ಸೇ ಬೇಡವೆಂದು ಕಾಯ್ದೆ ಮಾಡಿದರು.

ದುಃಖ ಒಂದೇ ಬರುವುದಿಲ್ಲ. ಆ ಜೂನ್‌ನಲ್ಲೇ ಹುಬ್ಬೂ ಕೈಬಿಟ್ಟಿತು. ದಾರದ ತುದಿಯನ್ನು ಹಲ್ಲಲ್ಲಿ ಕಚ್ಚಿ, ಬೆರಳಿಗೆ ಸುತ್ತಿ, "ಕಣ್ಣು ಎಳ್ದು ಹಿಡ್ಕೊಳ್ಳಿ ಮೇಡಂ" ಎನ್ನುತ್ತ ನಮ್ಮ ಪಾರ್ಲರ್ ಹುಡುಗಿಯರು ಟೀ ಆರುವಷ್ಟರಲ್ಲಿ ಮುಗಿಸುವ ಥ್ರೆಡಿಂಗ್‌ಗೆ ತಾವು 750 ಗಂಟೆಗಳ ತರಬೇತಿ ಇಟ್ಟಿದ್ದಿರಿ. ಅದರಲ್ಲಿ 320 ಗಂಟೆಗಳಷ್ಟಕ್ಕೂ ದಾರಕ್ಕೂ ಸಂಬಂಧವಿಲ್ಲವೆಂದು ತಮ್ಮ ವಕೀಲರೇ ಒಪ್ಪಿಕೊಂಡರಂತೆ. ನಮ್ಮಲ್ಲಾಗಿದ್ದರೆ ಒಪ್ಪುವ ಮೊದಲು ಒಂದು ಸಮಿತಿ ರಚಿಸುತ್ತಿದ್ದೆವು. ಟೆಕ್ಸಾಸ್ ಸುಪ್ರೀಂ ಕೋರ್ಟ್ ಪಟೇಲ್ ಎಂಬುವರ ಮೊಕದ್ದಮೆಯಲ್ಲಿ ಅದನ್ನೂ ಹೊಡೆದುಹಾಕಿತು.

ಪರಿಣಾಮ ಏನಾಗಿದೆ ನೋಡಿ. ಯುಗಾದಿ ಕಾರ್ಯಕ್ರಮಕ್ಕೆ ಮೊಮ್ಮಗಳಿಗೆ ಮೊಗ್ಗಿನ ಜಡೆ ಹಾಕಿದೆ. ಬೈತಲೆ ತೆಗೆದು, ಕುಚ್ಚು ಸೇರಿಸಿ, ಮಲ್ಲಿಗೆ ಸಿಗದ್ದಕ್ಕೆ ಕಾಗದದ ಮೊಗ್ಗು ಹೊಲಿದು. ಈಗ ಅಕ್ಕಪಕ್ಕದ ಹೆಂಗಸರು ನಮಗೂ ಕಲಿಸಿ ಆಂಟಿ ಎಂದು ಶನಿವಾರ ಶನಿವಾರ ಬರುತ್ತಾರೆ. ಯಾವ ಇನ್‌ಸ್ಪೆಕ್ಟರೂ ಬರುವುದಿಲ್ಲ. ಸೇವಾವಧಿಯುದ್ದಕ್ಕೂ ಅರ್ಜಿ ವಾಪಸ್ ಕಳಿಸಿದವಳಿಗೆ, ತಿರಸ್ಕರಿಸಲು ನನ್ನದೊಂದು ಅರ್ಜಿಯೂ ಇಲ್ಲವೆಂದರೆ ಎಂಥ ಅವಮಾನ.

ಆದ್ದರಿಂದ ಸದರಿ ನಿಯಮದ ದೃಢೀಕೃತ ನಕಲನ್ನು ಮೂರು ಪ್ರತಿಗಳಲ್ಲಿ ಕಳಿಸಿಕೊಡಲು ಕೋರುತ್ತೇನೆ. ನಮ್ಮ ಕಡೆ ಉಜಿರೆಯ ರುಡ್‌ಸೆಟ್ ಸಂಸ್ಥೆಯಂಥವರು ಹಳ್ಳಿ ಹೆಣ್ಣುಮಕ್ಕಳಿಗೆ ಬ್ಯೂಟಿ ಪಾರ್ಲರ್ ಕೆಲಸವನ್ನು ಕೆಲವೇ ವಾರಗಳಲ್ಲಿ, ಅದೂ ಪುಕ್ಕಟೆಯಾಗಿ ಕಲಿಸಿ ಅಂಗಡಿ ಇಡಿಸುತ್ತಿದ್ದಾರೆ. ಈ ಪಿಡುಗು ತಡೆಯಲು ತಮ್ಮ ನಿಯಮ ನಮ್ಮ ಕಚೇರಿಗೆ ಉಪಯುಕ್ತವಾದೀತು.

ಹಾಗೆಯೇ, ನಿಯಮ ನಂಬಿ ಸಿಂಕ್ ಕೊಂಡಿಟ್ಟವರು ಯಾರಾದರೂ ಇದ್ದರೆ ವಿಲೇವಾರಿ ದರ ತಿಳಿಸುವುದು. ಮಗಳ ಅಡುಗೆಮನೆಯದು ಸೋರುತ್ತಿದೆ.

ಇಂತಿ ತಮ್ಮ ವಿಶ್ವಾಸಿ,
ಪ್ರಥಮ ದರ್ಜೆ ಸಹಾಯಕಿ (ನಿವೃತ್ತ)