ಧರ್ಮಲಾಭ ತುಲಾ ಮೀಮಾಂಸೆ: ಜರ್ಮನ್ ಶಾಖೆ

ವ್ಯಾಪಾರದಲ್ಲಿ ಧರ್ಮವನ್ನು ಒಂದು ತಟ್ಟೆಯಲ್ಲಿ, ಲಾಭವನ್ನು ಇನ್ನೊಂದರಲ್ಲಿ ಇಟ್ಟು ತಕ್ಕಡಿಯ ಮುಳ್ಳು ನೆಟ್ಟಗೆ ನಿಲ್ಲುವಂತೆ ನೋಡಿಕೊಳ್ಳುವ ವಿದ್ಯೆಗೆ ಧರ್ಮಲಾಭ ತುಲಾಶಾಸ್ತ್ರ ಎಂದು ಹೆಸರು. ‘ಧರ್ಮಲಾಭ’ ಯಾವ ಸಮಾಸ ಎಂಬ ಬಗ್ಗೆ ಎರಡು ಪಕ್ಷಗಳಿವೆ. ಧರ್ಮವೂ ಲಾಭವೂ ಎಂದು ಬಿಡಿಸುವವರು ವೈಯಾಕರಣರು; ಧರ್ಮದಿಂದ ಲಾಭ ಎಂದು ಬಿಡಿಸುವವರು ವರ್ತಕರು. ಎರಡನೆಯ ಪಕ್ಷದವರಿಗೆ ಮಳಿಗೆಗಳು ಹೆಚ್ಚು.

ಕನ್ನಡನಾಡಿನ ಕಣಗಳಲ್ಲಿ ರಾಶಿ ಅಳೆಯುವಾಗ ಮೊದಲ ಕೊಳಗಕ್ಕೆ ‘ಒಂದು’ ಎನ್ನದೆ ‘ಲಾಭ’ ಎಂದು, ಆಮೇಲೆ ‘ಎರಡು, ಮೂರು’ ಎಂದು ಎಣಿಸುವ ರೂಢಿಯಿದೆ. ಧರ್ಮಕ್ಕೆ ಆ ಎಣಿಕೆಯಲ್ಲಿ ಅಂಕಿಯಿಲ್ಲ. ಅಳತೆ ಮುಗಿದ ಮೇಲೆ ದಾಸಯ್ಯನ ಜೋಳಿಗೆಗೆ ಒಂದು ಮೊರ ಬೀಳುತ್ತದೆ, ಅಷ್ಟೆ. ಈ ಕೊರತೆಯನ್ನು ನೀಗಿಸಿದ ಕೀರ್ತಿ ಜರ್ಮನರದು: ಅವರು ಧರ್ಮಕ್ಕೂ ಒಂದು ಖಾತೆ ತೆರೆದರು. ಅಢಾವೆ ಪತ್ರಿಕೆಗೆ ಅವರು ಹೇಳುವ ‘ಬಿಲಾನ್ಸ್’ ಎಂಬ ಹೆಸರು ಎರಡು ತಟ್ಟೆಯ ತಕ್ಕಡಿ ಎಂಬ ಲ್ಯಾಟಿನ್ ಪದದಿಂದಲೇ ಬಂದದ್ದು. ಶಾಸ್ತ್ರದ ಮೂಲಸೂತ್ರವೂ ಅಲ್ಲೇ ಸಿಗುತ್ತದೆ: ಮಾಡಿದ್ದೇನು ಎಂಬುದಕ್ಕಿಂತ ಅದನ್ನು ಯಾವ ಖಾತೆಗೆ ಬರೆದರು ಎಂಬುದು ಮುಖ್ಯ.

ಸೂತ್ರಕಾರನೆಂದು ಔಗ್ಸ್‌ಬುರ್ಗಿನ ಯಾಕೋಬ್ ಫುಗ್ಗರ್‌ನನ್ನು ಹೇಳುವುದು ವಾಡಿಕೆ. ಬಡ್ಡಿ ಪಾಪವೆಂದು ಚರ್ಚು ಸಾರುತ್ತಿದ್ದ ಕಾಲದಲ್ಲಿ ಈತನದು ಬಡ್ಡಿಯ ವ್ಯವಹಾರ. ಪುಣ್ಯ ಬಿಡಬೇಕೆ, ಬಡ್ಡಿ ಬಿಡಬೇಕೆ ಎಂಬ ಇಕ್ಕಟ್ಟಿಗೆ ಮೂರನೆಯ ದಾರಿ ಹೊಳೆದದ್ದು 1515ರಲ್ಲಿ. ದೇವತಾಶಾಸ್ತ್ರಜ್ಞ ಯೋಹಾನ್ ಎಕ್ ಇಟಲಿಯ ಬೊಲೊನ್ಯಾಕ್ಕೆ ಹೋಗಿ, ಶೇಕಡ 5ರವರೆಗಿನ ಬಡ್ಡಿ ಪಾಪವಲ್ಲವೆಂದು ವಿದ್ವತ್ಸಭೆಯಲ್ಲಿ ವಾದಿಸಿದ. ಬೆನ್ನಿಗೆ ಫುಗ್ಗರ್ ಮನೆತನದ ಬೆಂಬಲವಿತ್ತು. 1519ರಲ್ಲಿ ಐದನೆಯ ಚಾರ್ಲ್ಸ್ ಚಕ್ರವರ್ತಿಯಾಗಿ ಚುನಾಯಿತನಾಗಲು ತಗುಲಿದ ಸುಮಾರು 8.5 ಲಕ್ಷ ಗುಲ್ಡನ್‌ಗಳಲ್ಲಿ 5.4 ಲಕ್ಷಕ್ಕೂ ಮಿಕ್ಕಿ ಫುಗ್ಗರನ ಸಾಲ. ಮತದಾರರು ಏಳೇ ಜನ. ತಲೆಗೆ ಎಷ್ಟು ಬಿತ್ತೆಂದು ಇಂದಿನ ಯಾವ ಚುನಾವಣಾ ಏಜೆಂಟನೂ ಬಾಯಿಲೆಕ್ಕದಲ್ಲೇ ಹೇಳಬಲ್ಲ.

ಇದೇ ಮಹಾಶಯನ ಲೆಕ್ಕದ ಪುಸ್ತಕದಲ್ಲಿ ಊರಿನ ಸಂತ ಉಲ್ರಿಚ್ ಹೆಸರಿನಲ್ಲಿ ಒಂದು ಖಾತೆಯಿತ್ತು. ಸಂತ ತೀರಿಕೊಂಡು ಐದು ಶತಮಾನ ದಾಟಿತ್ತು. ಖಾತೆದಾರನಿಂದ ತಕರಾರು ಬರುವ ಸಂಭವವಿರಲಿಲ್ಲ. ಆ ದಾನದ ಹಣದಿಂದ 1521ರಲ್ಲಿ ಬಡವರ ವಸತಿಯೊಂದು ಸ್ಥಾಪನೆಯಾಯಿತು. ಹೆಸರು ಫುಗ್ಗರೈ. ಇಂದಿಗೂ ಅಲ್ಲಿ ಸುಮಾರು 150 ಜನ ವಾಸಿಸುತ್ತಾರೆ. ಬಾಡಿಗೆ ಹಳೆಯ ಒಂದು ಗುಲ್ಡನ್, ಇಂದಿನ ಲೆಕ್ಕಕ್ಕೆ 88 ಸೆಂಟು. ತಿಂಗಳಿಗಲ್ಲ, ವರ್ಷಕ್ಕೆ. ಜೊತೆಗೆ ದಾನಿಯ ಮನೆತನದ ಹೆಸರಿನಲ್ಲಿ ದಿನಕ್ಕೆ ಮೂರು ಪ್ರಾರ್ಥನೆ. ರಾತ್ರಿ ಹತ್ತಕ್ಕೆ ಗೇಟು ಮುಚ್ಚುತ್ತದೆ; ಆಮೇಲೆ ಬಂದವರು ಕಾವಲುಗಾರನಿಗೆ 50 ಸೆಂಟು, ನಡುರಾತ್ರಿ ಕಳೆದರೆ ಒಂದು ಯೂರೋ ಕೊಡಬೇಕು. ಒಂದೇ ಒಂದು ಸಲ ಹನ್ನೆರಡೂವರೆಗೆ ಮನೆಗೆ ಬಂದವನಿಗೆ ವರ್ಷದ ಬಾಡಿಗೆಗಿಂತ 12 ಸೆಂಟು ಹೆಚ್ಚು ಖರ್ಚು. ಗೋವು ಕೊಂದು ಚಪ್ಪಲಿ ದಾನ ಮಾಡಿದಂತೆ ಎಂದು ಇದನ್ನು ಹಳಿಯುವವರುಂಟು. ಗಾದೆ ಇಲ್ಲಿ ಪೂರ್ತಿ ಅನ್ವಯಿಸದು. ಚಪ್ಪಲಿ 500 ವರ್ಷ ಬಾಳಿಕೆ ಬಂದಿದೆ.

ಉತ್ತರದ ಹ್ಯಾಂಬುರ್ಗಿನಲ್ಲಿ 1517ರಲ್ಲಿ ವರ್ತಕರು ಕೂಡಿ ‘ಮಾನವಂತ ವರ್ತಕ’ನ ಸಭೆ ಕಟ್ಟಿದರು. ಸಭೆ ಇನ್ನೂ ನಡೆಯುತ್ತಿದೆ. ವರ್ತಕರ ಮಾನ ಮರ್ಯಾದೆಗಳನ್ನು ಕಾಯುವುದು ವಾಣಿಜ್ಯ ಮಂಡಳಿಗಳ ಕರ್ತವ್ಯವೆಂದು 1956ರ ಕಾನೂನೂ ಹೇಳುತ್ತದೆ. ಮಾನದ ಅಳತೆಗೋಲು ಯಾವುದೆಂದು ಮಾತ್ರ ಹೇಳುವುದಿಲ್ಲ. ಅದು ವರ್ತಕರಿಗೇ ಗೊತ್ತಿರಬೇಕಾದ ವಿಷಯ.

ಶಾಸ್ತ್ರದ ಮಧ್ಯಯುಗ ಮುಗಿದು ನವ್ಯಯುಗ ತೊಡಗುವುದು ತೆರಿಗೆ ಇಲಾಖೆಯಿಂದ. ಕನ್ನಡದಲ್ಲಿ ಮಾಮೂಲು, ಕೈಬೆಚ್ಚಗೆ, ಟೀ–ಕಾಫಿ ಎಂದು ಹಲವು ಹೆಸರಿರುವ ಪದಾರ್ಥಕ್ಕೆ ಜರ್ಮನ್ನಿನಲ್ಲಿ ‘ನ್ಯುಟ್ಸ್‌ಲಿಷೆ ಔಫ್‌ವೆಂಡುಂಗೆನ್’, ಅಂದರೆ ‘ಉಪಯುಕ್ತ ವೆಚ್ಚ’ ಎಂಬ ಒಂದೇ ಗಂಭೀರ ಹೆಸರು. ಹೊರದೇಶದ ಅಧಿಕಾರಿಗೆ ಕೊಟ್ಟ ಲಂಚವನ್ನು ಕಂಪನಿಯ ಖರ್ಚೆಂದು ತೋರಿಸಿ ತೆರಿಗೆಯಲ್ಲಿ ಕಳೆದುಕೊಳ್ಳಲು 1999ರವರೆಗೆ ಅವಕಾಶವಿತ್ತು. ಖಾತೆಯ ಹೆಸರು ಸರಿಯಿದ್ದರೆ ಸಾಕು ಎಂಬ ಸೂತ್ರಕ್ಕೆ ಸರ್ಕಾರವೇ ಹಾಕಿದ ಮೊಹರು ಅದು.

ಕಾನೂನು ಬದಲಾದ ಮೇಲೂ ಹಳೆಯ ಸಂಪ್ರದಾಯವನ್ನು ಬಿಡದೆ ನಡೆಸಿಕೊಂಡು ಬಂದದ್ದು ಸೀಮೆನ್ಸ್. ಕಂಪನಿಯ ಕೆಲವು ಕಚೇರಿಗಳಲ್ಲಿ ನಗದು ಕೌಂಟರುಗಳಿದ್ದವು. ನೌಕರರು ಖಾಲಿ ಸೂಟ್‌ಕೇಸ್ ತಂದು ಒಮ್ಮೆಗೆ ಹತ್ತು ಲಕ್ಷ ಯೂರೋವರೆಗೆ ತುಂಬಿಕೊಂಡು ಹೋಗಬಹುದಿತ್ತು. ಮಂಜೂರಾತಿಗೆ ಮೇಲಧಿಕಾರಿಯ ರುಜು ಬೇಕು; ಅದು ಬೀಳುತ್ತಿದ್ದದ್ದು ಕಾಗದದ ಮೇಲಲ್ಲ, ಕಾಗದಕ್ಕೆ ಅಂಟಿಸಿ ಆಮೇಲೆ ಕಿತ್ತುಬಿಡುವ ಪೋಸ್ಟ್‌ಇಟ್ ಚೀಟಿಯ ಮೇಲೆ. ರುಜುವೂ ಆಯಿತು, ಆಗಲೂ ಇಲ್ಲ. ಹಾವೂ ಸಾಯದ, ಕೋಲೂ ಮುರಿಯದ ಸ್ಥಿತಿಗೆ ಇದಕ್ಕಿಂತ ಶುದ್ಧ ಉದಾಹರಣೆ ಬೇರೊಂದಿಲ್ಲ.

ಲಂಚದ ದರವನ್ನು ಬಾಯಿಬಿಟ್ಟು ಹೇಳದಿರಲು ನಮ್ಮ ಕಟಪಯಾದಿಯನ್ನು ಹೋಲುವ ಒಂದು ಸಂಕೇತವೂ ಬಳಕೆಯಲ್ಲಿತ್ತು. ‘ಮೇಕ್ ಪ್ರಾಫಿಟ್’, ಅಂದರೆ ‘ಲಾಭ ಮಾಡು’, ಎಂಬ ಇಂಗ್ಲಿಷ್ ಮಾತಿನಲ್ಲಿ ಹತ್ತು ಅಕ್ಷರ. ಒಂದೂ ಎರಡನೆಯ ಸಲ ಬರುವುದಿಲ್ಲ. ಮೊದಲನೆಯದಕ್ಕೆ 1, ಎರಡನೆಯದಕ್ಕೆ 2, ಹೀಗೆ ಕೊನೆಯದಕ್ಕೆ ಸೊನ್ನೆ. ಆದ್ದರಿಂದ ‘ಇದನ್ನು ಎಪಿಪಿ ಫೈಲಿಗೆ ಹಾಕಿ’ ಎಂದರೆ ಮಾರಾಟದ ಮೊತ್ತಕ್ಕೆ ಶೇಕಡ 2.55. ಕಣದಲ್ಲಿ ‘ಲಾಭ’ ಎಂಬುದು ಬರೀ ಒಂದಂಕಿಯಾದರೆ, ಇಲ್ಲಿ ಎಲ್ಲ ಅಂಕಿಗಳೂ ಲಾಭದಿಂದಲೇ ಹುಟ್ಟುತ್ತವೆ. ನವೆಂಬರ್ 2006ರಲ್ಲಿ ಮ್ಯೂನಿಕ್‌ನಲ್ಲಿ ಪೊಲೀಸ್ ದಾಳಿಯಾಯಿತು. 2001ರಿಂದ 2007ರವರೆಗೆ ಕನಿಷ್ಠ 4,283 ಪಾವತಿಗಳು, ಒಟ್ಟು ಸುಮಾರು 140 ಕೋಟಿ ಡಾಲರ್ ಎಂದು ಅಮೆರಿಕದ ಷೇರು ನಿಯಂತ್ರಣ ಸಂಸ್ಥೆ ಎಣಿಸಿತು. ಇಷ್ಟನ್ನೂ ಎಣಿಸಲು ಸಾಧ್ಯವಾಯಿತೆಂಬುದೇ ಜರ್ಮನರ ಲೆಕ್ಕಪತ್ರದ ಶಿಸ್ತಿಗೆ ಸಾಕ್ಷಿ.

ಮುಂದಿನ ಹಂತದಲ್ಲಿ ಮನುಷ್ಯನ ಕೈವಾಡವೂ ತಪ್ಪಿತು. ಫೋಕ್ಸ್‌ವ್ಯಾಗನ್ನಿನ ಡೀಸೆಲ್ ಕಾರುಗಳಲ್ಲಿ ಧರ್ಮಾಧರ್ಮ ವಿವೇಚನೆಯನ್ನು ಸಾಫ್ಟ್‌ವೇರ್ ವಹಿಸಿಕೊಂಡಿತು. ತಪಾಸಣೆಯ ಕೋಣೆಯಲ್ಲಿ ಕಾರಿನ ಚಕ್ರ ರೋಲರಿನ ಮೇಲೆ ತಿರುಗುತ್ತದೆ, ಸ್ಟಿಯರಿಂಗ್ ಅಲುಗಾಡುವುದಿಲ್ಲ. ಇಂಥ ಕುರುಹುಗಳಿಂದ ಸಾಹೇಬರು ಬಂದಿದ್ದಾರೆಂದು ಕಾರು ತಿಳಿದುಕೊಳ್ಳುತ್ತಿತ್ತು. ಇನ್‌ಸ್ಪೆಕ್ಟರ್ ಬಂದ ದಿನದ ಶಾಲೆಯಂತೆ ಹೊಗೆಯನ್ನು ಒಪ್ಪವಾಗಿಟ್ಟುಕೊಳ್ಳುತ್ತಿತ್ತು. ರಸ್ತೆಗಿಳಿದರೆ ನೈಟ್ರೋಜನ್ ಆಕ್ಸೈಡು ಮಿತಿಯ 40 ಪಟ್ಟಿನವರೆಗೂ ಹೋದದ್ದುಂಟು. 18 ಸೆಪ್ಟೆಂಬರ್ 2015ರಂದು ಅಮೆರಿಕದ ಪರಿಸರ ಸಂಸ್ಥೆ ನೋಟಿಸು ಕೊಟ್ಟ ಮೇಲೆ, ಜಗತ್ತಿನಾದ್ಯಂತ 1.1 ಕೋಟಿ ವಾಹನಗಳಲ್ಲಿ ಈ ವಿವೇಕವಿದೆಯೆಂದು ಕಂಪನಿಯೇ ಒಪ್ಪಿಕೊಂಡಿತು. ಅದೇ ತಿಂಗಳು, ನೋಟಿಸಿಗೆ ಕೆಲವೇ ದಿನ ಮೊದಲು, ಡೌ ಜೋನ್ಸ್‌ನ ಸುಸ್ಥಿರತಾ ಸೂಚ್ಯಂಕ ಈ ಕಂಪನಿಗೆ ಕಾರು ತಯಾರಕರಲ್ಲಿ ಅಗ್ರಸ್ಥಾನ ಕೊಟ್ಟಿತ್ತು. ಸೂಚ್ಯಂಕವೂ ಒಂದು ಬಗೆಯ ರೋಲರ್ ಎಂಬುದು ವ್ಯಾಖ್ಯಾನಕಾರರ ಮತ.

ಧರ್ಮದ ತೂಕವೆಷ್ಟು ಎಂಬ ಪ್ರಶ್ನೆಗೆ ಉತ್ತರ ದಂಡದ ಆದೇಶಗಳಲ್ಲಿದೆ. ಜರ್ಮನಿಯಲ್ಲಿ ಕಂಪನಿಯನ್ನು ಅಪರಾಧಿಯೆನ್ನಲು ಬರುವುದಿಲ್ಲ. ಅಪರಾಧ ಮಾಡುವುದಕ್ಕೆ ಮನುಷ್ಯನೇ ಬೇಕು. ನೋ ಪಾರ್ಕಿಂಗ್ ಜಾಗದಲ್ಲಿ ಗಾಡಿ ನಿಲ್ಲಿಸಿದವನಿಗೆ ಅನ್ವಯಿಸುವ ಕಾನೂನಿನ ಅಡಿಯಲ್ಲೇ ಕಂಪನಿಗೂ ದಂಡ. ಅದರಲ್ಲಿ ಎರಡು ಭಾಗ: ತಪ್ಪಿಗೆ ಇಷ್ಟು, ತಪ್ಪಿನಿಂದ ಬಂದ ಲಾಭದ ವಾಪಸಾತಿ ಇಷ್ಟು. 2007ರಲ್ಲಿ ಸೀಮೆನ್ಸ್‌ಗೆ 20.1 ಕೋಟಿ ಯೂರೋ: ತಪ್ಪಿಗೆ 10 ಲಕ್ಷ, ಲಾಭಕ್ಕೆ 20 ಕೋಟಿ. 2018ರಲ್ಲಿ ಫೋಕ್ಸ್‌ವ್ಯಾಗನ್‌ಗೆ 100 ಕೋಟಿ: ತಪ್ಪಿಗೆ 50 ಲಕ್ಷ, ಲಾಭಕ್ಕೆ 99.5 ಕೋಟಿ. ಮೊದಲನೆಯದರಲ್ಲಿ ಒಂದಕ್ಕೆ 200, ಎರಡನೆಯದರಲ್ಲಿ ಒಂದಕ್ಕೆ 199. ಹನ್ನೊಂದು ವರ್ಷದಲ್ಲಿ ಇಷ್ಟು ಸ್ಥಿರವಾಗಿ ನಿಂತ ಬೆಲೆ ಜರ್ಮನಿಯಲ್ಲಿ ಇನ್ನೊಂದಿದ್ದರೆ ಅದು ಫುಗ್ಗರೈನ ಬಾಡಿಗೆ. ನಡುವೆ 2008ರಲ್ಲಿ ಮಾತ್ರ ಸೀಮೆನ್ಸಿನ ಎರಡನೆಯ ಕಂತಿನಲ್ಲಿ ಧರ್ಮದ ಬೆಲೆ ಒಂದಕ್ಕೆ 1,579ರವರೆಗೆ ಕುಸಿದಿತ್ತು. ಆಡುಗೋಡಿಯವರಿಗೆ ಮೈಕೋ ಎಂದೇ ಗೊತ್ತಿರುವ ಬಾಷ್‌ಗೆ 2019ರಲ್ಲಿ ಇದೇ ಡೀಸೆಲ್ ಪ್ರಕರಣದಲ್ಲಿ 9 ಕೋಟಿ ಬಿದ್ದಾಗ ಒಂದಕ್ಕೆ 44ಕ್ಕೆ ಏರಿತು. ಬಾಷ್‌ನ ಬಹುಪಾಲು ಒಡೆತನ ಒಂದು ಧರ್ಮಾರ್ಥ ಪ್ರತಿಷ್ಠಾನದ್ದು ಎಂಬುದು ಈ ಏರಿಕೆಗೆ ಕಾರಣವೋ ಅಲ್ಲವೋ ಎಂಬ ಚರ್ಚೆಯನ್ನು ಮುಂದಿನ ಸಂಶೋಧಕರಿಗೆ ಬಿಡಲಾಗಿದೆ.

ಉಳಿದದ್ದು ಫೋಕ್ಸ್‌ವ್ಯಾಗನ್ನಿನ 100 ಕೋಟಿ ಎಲ್ಲಿಗೆ ಜಮಾ ಆಯಿತೆಂಬುದು. ದಂಡ ಹಾಕಿದ ಸರ್ಕಾರಿ ವಕೀಲರ ಕಚೇರಿಯಿರುವ ಬ್ರೌನ್‌ಷ್ವೈಗ್ ನಗರ ನೀಡರ್‌ಸಾಕ್ಸನ್ ರಾಜ್ಯದಲ್ಲಿದೆ. ಹಣ ಆ ರಾಜ್ಯದ ಬೊಕ್ಕಸಕ್ಕೆ ಹೋಯಿತು. ಫೋಕ್ಸ್‌ವ್ಯಾಗನ್ನಿನ ಮತಗಳಲ್ಲಿ ಶೇಕಡ 20 ಅದೇ ರಾಜ್ಯದ ಕೈಯಲ್ಲಿದೆ, ಮೇಲ್ವಿಚಾರಣಾ ಮಂಡಳಿಯಲ್ಲಿ ಅದಕ್ಕೆ ಎರಡು ಕುರ್ಚಿ. ಒಂದು ಪುಟದಲ್ಲಿ ಖರ್ಚು, ಇನ್ನೊಂದು ಪುಟದಲ್ಲಿ ಜಮಾ. ಲೆಕ್ಕ ತಾಳೆಯಾಗಿದೆ.