ಕಟಿಮೀಮಾಂಸೆ: ಶೇ. 39.3ರ ಸೊಂಟಕ್ಕೊಂದು ಭಾಷ್ಯ

ಕಾಫಿ ಸೀಮೆಯಲ್ಲಿ ಸೊಂಟ ಮುರಿಯಲು ಮೂರು ಮಾರ್ಗಗಳುಂಟು: ಮರಗಸಿ, ಮೆಣಸಿನ ಏಣಿ, ಪಾಚಿ ಹಿಡಿದ ಅಂಗಳ. ಈ ಪ್ರಬಂಧ ಎರಡನೆಯದಕ್ಕೆ ಸೀಮಿತ. ಕಳಸದ ಕಡೆ ಸಿಲ್ವರ್ ಓಕ್ ಮರಕ್ಕೆ ಒರಗಿಸಿದ ಬಿದಿರೇಣಿಯಿಂದ ಜಾರಿದ ಆಳೊಬ್ಬನ ಎಡಸೊಂಟವೇ ನಮ್ಮ ಆಕರಗ್ರಂಥ.

ಮೊದಲು ಪ್ರಮಾಣವಿಚಾರ. ಆತ ಕುಂಟುವುದು ಪ್ರತ್ಯಕ್ಷ. ಮತ್ತೆ ಏಣಿ ಹತ್ತಲಾರನೆಂಬುದು ಅನುಮಾನ. ತೋಟದ ರೈಟರು ಹಾಜರಿ ಪುಸ್ತಕದಿಂದ ಹೆಸರು ಹೊಡೆದುಹಾಕಿದ್ದು ಆಪ್ತವಾಕ್ಯ. ನೈಯಾಯಿಕರಿಗೆ ಇಷ್ಟು ಸಾಕಿತ್ತು, ನಾಡಕಚೇರಿಗೆ ಸಾಲದು. ಅಲ್ಲಿ ಸಲ್ಲುವುದು ಅಂಗವಿಕಲರ ಯು.ಡಿ.ಐ.ಡಿ. ಕಾರ್ಡು, ಅದರ ಮೇಲೆ ಕನಿಷ್ಠ ಶೇ. 40 ಎಂಬ ಅಂಕಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಎಳೆದ ಗೆರೆ ಅದು. ದಾಟಿದ ಬಡವನಿಗೆ ತಿಂಗಳಿಗೆ 800 ರೂಪಾಯಿ ಮಾಸಾಶನ. 2021ರವರೆಗೆ 600 ಇತ್ತು. (2025ರವರೆಗೆ 1923ರ ಕಾರ್ಮಿಕ ಪರಿಹಾರ ಕಾಯ್ದೆಯ ಪಟ್ಟಿಯೂ ಇತ್ತು. ಸೊಂಟದಿಂದಲೇ ಕಾಲು ಹೋದರೆ ಶೇ. 90 ಎನ್ನುತ್ತಿತ್ತು. ಕಾಲಿದ್ದೂ ಕೈಕೊಟ್ಟ ಸೊಂಟಕ್ಕೆ ಅಲ್ಲಿ ಸಾಲಿರಲಿಲ್ಲ.)

ಇನ್ನು ಪರೀಕ್ಷಾಕಾಂಡ. ಅಂಗವೈಕಲ್ಯ ಅಳೆಯುವ ಕೇಂದ್ರದ ಮಾರ್ಗಸೂಚಿ ಕಾಲಿನ ಸ್ಥಿರತೆಗೆ ಒಂಬತ್ತು ಕ್ರಿಯೆಗಳನ್ನು ವಿಧಿಸಿದೆ, ತಲಾ 10 ಅಂಕ: ಸಮತಟ್ಟಿನಲ್ಲಿ ನಡಿಗೆ, ಇಳಿಜಾರಿನಲ್ಲಿ ನಡಿಗೆ, ಮೆಟ್ಟಿಲು ಹತ್ತುವುದು, ಎರಡೂ ಕಾಲಲ್ಲಿ ನಿಲ್ಲುವುದು, ಪೆಟ್ಟಾದ ಕಾಲಲ್ಲಿ ನಿಲ್ಲುವುದು, ಕುಕ್ಕರಗಾಲು, ಚಕ್ಕಳಮಕ್ಕಳ, ಮಂಡಿಯೂರುವುದು, ತಿರುಗುವುದು. ನಪಾಸಾದವನಿಗೇ ಅಂಕ. ಸಮತಟ್ಟಿಗೂ ಇಳಿಜಾರಿಗೂ ಒಂದೇ ತೂಕ ಕೊಟ್ಟವರು ಬಯಲುಸೀಮೆಯವರೇ ಇರಬೇಕೆಂದು ನಮ್ಮ ಗುಮಾನಿ. ಕಳಸದಲ್ಲಿ ಸಮತಟ್ಟೆಂದರೆ ಕಾಫಿ ಕಣ, ಶಾಲೆಯ ಮೈದಾನ. ಎರಡರಲ್ಲೂ ಮೆಣಸು ಬಿಡುವುದಿಲ್ಲ. ಮನೆಯಿಂದ ತೋಟಕ್ಕೆ, ತೋಟದಿಂದ ಬಸ್ಸಿಗೆ, ನೀರಿಗೆ, ಸೊಸೈಟಿ ಅಕ್ಕಿಗೆ, ಎಲ್ಲಕ್ಕೂ ಒಂದೋ ಹತ್ತಬೇಕು, ಇಲ್ಲವೇ ಇಳಿಯಬೇಕು. ಬದುಕಿಡೀ ಇಳಿಜಾರಾದವನಿಗೂ ಅದರ ಬಾಬ್ತು 10 ಅಂಕವೇ. ತಿರುಗುವುದರಲ್ಲಂತೂ ಆತ ಪಾಸಾಗಿ ಅಂಕ ಕಳಕೊಂಡ. ಬಾಳೆಹೊನ್ನೂರು ದಾರಿಯಾಗಿ ಚಿಕ್ಕಮಗಳೂರಿಗೆ ಬರುವ ಬಸ್ಸಿನಲ್ಲಿ ಪರೀಕ್ಷೆಗೆಂದು ನಿಂತು ಬಂದವನಿಗೆ ಅಷ್ಟು ಅಭ್ಯಾಸ ಆಗಿಯೇ ಆಗುತ್ತದೆ.

ಇಳಿಜಾರು, ಪೆಟ್ಟಾದ ಕಾಲು, ಕುಕ್ಕರಗಾಲು ಸೇರಿ 30. ಕೀಲಿನ ಚಲನೆಯ ನಷ್ಟಕ್ಕೆ 14. ಒಟ್ಟು 44 ಎಂದು ಅವನ ಹೆಂಡತಿ ಬೆರಳೆಣಿಸಿದಳು. ಅದು ಸಂತೆಯ ಗಣಿತ. ಶಾಸ್ತ್ರದ ಸೂತ್ರ ಬೇರೆ: 90ರಲ್ಲಿ ದೊಡ್ಡ ಅಂಕ ಕಳೆದು, ಉಳಿದದ್ದನ್ನು ಸಣ್ಣದರಿಂದ ಗುಣಿಸಿ, 90ರಿಂದ ಭಾಗಿಸಿ, ಬಂದದ್ದನ್ನು ದೊಡ್ಡದಕ್ಕೆ ಕೂಡಬೇಕು. ಆಗ 14 ಕರಗಿ 9.3 ಆಗುತ್ತದೆ, ಒಟ್ಟು 39.3. ಸಂಘದ ಸಾಲದ ಬಡ್ಡಿಗೂ ಈ ಸೂತ್ರ ಹಾಕಬಾರದೇ ಎಂದು ಆಕೆ ಕೇಳಿದ್ದು ವಿಷಯಾಂತರ.

ಉಪಸಂಹಾರಕ್ಕೆ ಮುನ್ನ ಒಂದು ಪರಿಹಾರವಾಕ್ಯವಿದೆ. ಕಾಲು ಗಿಡ್ಡವಾಗಿದ್ದರೆ ಮೊದಲ ಅರ್ಧ ಇಂಚಿಗೆ ಸೊನ್ನೆ, ಮುಂದಿನ ಪ್ರತಿ ಅರ್ಧ ಇಂಚಿಗೆ 4. ಅವನದು ಅರ್ಧ ಇಂಚಷ್ಟೇ ಗಿಡ್ಡ. ಏಣಿಯ ಇನ್ನೆರಡು ಗೆಣ್ಣು ಮೇಲಿಂದ ಬೀಳುವ ದೂರದೃಷ್ಟಿ ಅವನಿಗಿರಲಿಲ್ಲ.

ಹಾಗಾದರೆ ಮಿಕ್ಕ 60.7 ಪಾಲು ಸೊಂಟ ಸರ್ಕಾರವೇ ಒಪ್ಪಿದ ಗಟ್ಟಿ ಸೊಂಟವಾಯಿತು. ಆ ಲೆಕ್ಕ ಹಿಡಿದು ಆತ ಮತ್ತೆ ತೋಟಕ್ಕೆ ಹೋದ. ರೈಟರು ಕಾಗದ ತಿರುಗಿಸಿ ನೋಡಿ, "ಅದು ಕಚೇರಿ ಲೆಕ್ಕ ಮಾರಾಯ, ಏಣಿಗೆ ಎರಡೂ ಕಾಲು ಬೇಕು" ಎಂದರು.