ಕಡಲ ಕಲಕು ಅಳೆಯುವ ಯಂತ್ರ: ಕಾಫಿ ಬೆಳೆಗಾರರಿಗೆ ಬಳಕೆಯ ಕೈಪಿಡಿ

ಪೆಟ್ಟಿಗೆಯಲ್ಲಿರುವುದು ತೇವಾಂಶ ಮಾಪಕವಲ್ಲ, ಕಾಫಿ ರಾಶಿಗೆ ಚುಚ್ಚಬೇಡಿ. ಇದು ಸಮುದ್ರದ ನೀರಿಗೆ ಬೆಳಕು ಬಿಟ್ಟು ಅದರಲ್ಲಿ ತೇಲುವುದನ್ನೂ ಕರಗಿದ್ದನ್ನೂ ಅಳೆಯುವ ಸೆನ್ಸರ್. ಮೂಡಿಗೆರೆಯಲ್ಲಿ ಸಮುದ್ರವೆಲ್ಲಿ ಎಂದು ತೋಟದ ರೈಟರನ್ನು ಕೇಳಿದರೆ ‘ಚಾರ್ಮಾಡಿ ಇಳೀರಿ’ ಅನ್ನುತ್ತಾನೆ. ನಂಬಬೇಡಿ.

ಎಲ್ಲಿ ಇಳಿಸಬೇಕು?

ತೋಟದ ನೀರು ಎತ್ತ ಹರಿಯುತ್ತದೋ ಅತ್ತ. ಗಂಗಾಮೂಲದ ಮೂರು ನದಿಗಳಲ್ಲಿ ಮಂಗಳೂರಿನ ದಾರಿ ಹಿಡಿಯುವುದು ನೇತ್ರಾವತಿಯೊಂದೇ. ಕಳಸದ ಮಣ್ಣು ಭದ್ರೆಯ ಜೊತೆ ತುಂಗಭದ್ರೆಗೆ, ಕೃಷ್ಣೆಗೆ, ಕೊನೆಗೆ ಬಂಗಾಳ ಕೊಲ್ಲಿಗೆ ಹೋಗಬೇಕು. ಮೂಡಿಗೆರೆಯ ಹೇಮಾವತಿಯೂ ಕಾವೇರಿ ಸೇರಿ ಅಲ್ಲಿಗೇ. ಘಟ್ಟದ ಕೆಳಗೇ ಕಡಲಿದ್ದರೂ ನಿಮ್ಮ ಮಣ್ಣಿಗೆ ಇಡೀ ದಖ್ಖನ್ ಸುತ್ತುವ ಯೋಗ. ದಾರಿಯಲ್ಲಿ ಬಹುಪಾಲು ಅಣೆಕಟ್ಟುಗಳಲ್ಲೇ ಕೂರುತ್ತದೆ: 133 ಟಿಎಂಸಿ ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯ ಹೂಳು ತುಂಬಿ ಈಗ 105ರ ಆಸುಪಾಸಿಗೆ ಬಂದಿದೆ. ಕಡಲು ಮುಟ್ಟುವುದು ನುಣ್ಣನೆಯ ಜೇಡಿ, ಕರಗಿದ ಕಂದು ಬಣ್ಣ.

ಕೆಲಸ ಮಾಡುವ ಬಗೆ

ಯಂತ್ರಕ್ಕೆ ಮೂರು ಕಣ್ಣು. ಮೊದಲನೆಯದು ಕೆಂಪು ಬೆಳಕು ಬಿಟ್ಟು, ಎಷ್ಟು ಹಿಂದಕ್ಕೆ ಚದುರಿತೆಂದು ನೋಡುತ್ತದೆ. ಚಾರ್ಮಾಡಿಯ ಮಂಜಿನಲ್ಲಿ ಹೆಡ್‌ಲೈಟ್ ನಿಮ್ಮ ಮುಖಕ್ಕೇ ಹೊಡೆಯುತ್ತದಲ್ಲ, ಹಾಗೆ. ಕಣಗಳು ಎಷ್ಟಿವೆ ಎಂದು ತಿಳಿಯುತ್ತದೆ. ಜೇಡಿಯೋ ಪಾಚಿಯೋ ತಿಳಿಯದು. ಅದಕ್ಕೇ ಎರಡನೆಯ ಕಣ್ಣು: 470 ನ್ಯಾನೋಮೀಟರಿನ ನೀಲಿ ಬೆಳಕು ಬಿದ್ದರೆ ಪಾಚಿಯ ಪತ್ರಹರಿತ್ತು 695ರ ಸುಮಾರಿನ ಕೆಂಪು ಮಿನುಗು ಹೊಮ್ಮಿಸುತ್ತದೆ. ನಡುಮಧ್ಯಾಹ್ನ ಬಿಸಿಲಿಗೆ ಪಾಚಿಯ ಮಿನುಗು ತಗ್ಗುತ್ತದೆ, ರಾತ್ರಿಯ ರೀಡಿಂಗ್ ನಂಬಿ. ಮೂರನೆಯದು ನೇರಳಾತೀತ ಕಿರಣದಿಂದ, ಕೊಳೆತ ಸೊಪ್ಪುಸದೆಯಿಂದ ನೀರಿಗಿಳಿದ ಬಣ್ಣವನ್ನು ಹಿಡಿಯುತ್ತದೆ.

ಇಷ್ಟೆಲ್ಲ ಯಾಕೆ? ಪಾಚಿ ಇಂಗಾಲವನ್ನು ಹೀರಿ, ಸತ್ತು, ಆಳಕ್ಕೆ ಮುಳುಗುತ್ತದೆ. ಗಾಳಿಯ ಇಂಗಾಲದ ಒಂದು ಲೆಕ್ಕ ಅಲ್ಲಿದೆ. ಇಂಥ ಕಣ್ಣುಗಳನ್ನು ಹೊತ್ತ ಆರ್ಗೋ ತೇಲುಗಳು 2000 ಮೀಟರ್‌ವರೆಗೆ ಇಳಿದು, ಸಾಮಾನ್ಯವಾಗಿ 10 ದಿನಕ್ಕೊಮ್ಮೆ ಮೇಲೆ ಬಂದು ಉಪಗ್ರಹಕ್ಕೆ ವರದಿ ಒಪ್ಪಿಸುತ್ತವೆ. ಇಸ್ರೋ 2022ರಲ್ಲಿ ಹಾರಿಸಿದ ಓಷನ್‌ಸ್ಯಾಟ್-3 ಕಡಲ ಬಣ್ಣವನ್ನು ಮೇಲಿನಿಂದಲೇ ನೋಡುತ್ತದೆ. ಮಣ್ಣು ಇಳಿಯುವ ಮಳೆಗಾಲದಲ್ಲೇ ಅದಕ್ಕೆ ಮೋಡ ಅಡ್ಡ, ಪಾಪ.

ನಿರ್ವಹಣೆ

ಗಾಜಿನ ಮೇಲೆ ಪಾಚಿ, ಚಿಪ್ಪುಜೀವಿಗಳು ಮನೆಮಾಡುತ್ತವೆ. ತಡೆಯಲು ತಾಮ್ರದ ಮುಚ್ಚಳವಿದೆ. ಬೋರ್ಡೋ ದ್ರಾವಣಕ್ಕೆ ಮೈಲುತುತ್ತ ಬೆರೆಸುವವರಿಗೆ ತಾಮ್ರದ ಮಹಿಮೆ ವಿವರಿಸಬೇಕಿಲ್ಲ.

ದೂರುಗಳು

ಪರೀಕ್ಷೆಗೆಂದು ಜನವರಿಯಲ್ಲಿ ಹಳ್ಳಕ್ಕೆ ಅದ್ದಿದಾಗ ಮೂರೂ ಕಣ್ಣು ಹುಚ್ಚುಹುಚ್ಚಾಗಿ ರೀಡಿಂಗ್ ಕೊಟ್ಟರೆ ಯಂತ್ರ ಕೆಟ್ಟಿಲ್ಲ. ಮೇಲಿನ ತೋಟದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಓಡುತ್ತಿದೆ, ಅದರ ನೀರು ಹಳ್ಳಕ್ಕಿಳಿಯುತ್ತಿದೆ. ಆ ತೋಟ ನಿಮ್ಮದೇ ಆಗಿದ್ದರೆ ಕಂಪನಿಗೆ ಫೋನ್ ಮಾಡಬೇಡಿ, ಪಲ್ಪರ್ ನೀರನ್ನು ಹೊಂಡಕ್ಕೆ ತಿರುಗಿಸಿ.